ಗಡಿಯಾರದ ಮುಂದೆ ಕಾದಂಬರಿ: ಓದುಗರ ಪ್ರಶ್ನೆ, ಮಾಸ್ತರರ ಉತ್ತರ

ಗೊತ್ತುಮಾಡಿಕೊಂಡ ಹೊತ್ತಿನೊಳಗೆ ಪೆನ್ನು ಎತ್ತದೆ ಬರೆಯುವ ಅಭ್ಯಾಸದಿಂದ, ನಡುವೆ ನಿಂತುಹೋದ ಕಾದಂಬರಿಯನ್ನು ಮತ್ತೆ ಎಬ್ಬಿಸಬಹುದೆಂದು ಹಿಂದಿನ ಸಂಚಿಕೆಯ ಈ ಅಂಕಣದಲ್ಲಿ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಘಟ್ಟದ ಮೇಲಿನ ಶಿರಸಿ ಸೀಮೆಯಿಂದಲೂ ಕೆಳಗಿನ ನಮ್ಮ ಕರಾವಳಿಯಿಂದಲೂ ಬಂದಿವೆ. ಹೆಸರು ಹಾಕಬೇಡಿರೆಂದು ಬಹುತೇಕರು ಕೇಳಿಕೊಂಡಿರುವುದರಿಂದ ಊರನ್ನಷ್ಟೇ ಹಾಕಿದ್ದೇನೆ. ತಾವು ಕಾದಂಬರಿ ಬರೆಯುತ್ತಿರುವ ಸಂಗತಿ ಮನೆಯವರಿಗೂ ತಿಳಿಯದೆಂದು ಇಬ್ಬರು ತಿಳಿಸಿದ್ದಾರೆ. ಅಂಚೆ ಕಚೇರಿಯಲ್ಲಿ ಆಯುಷ್ಯ ಕಳೆದ ನನಗೆ ಪರರ ಗುಟ್ಟು ಕಾಯುವುದು ಹೊಸ ಕೆಲಸವೇನೂ ಅಲ್ಲ.

ಪ್ರಶ್ನೆ: ಮಾಸ್ತರೇ, ನಮ್ಮದು ಅಡಿಕೆ ತೋಟದ ಮನೆ. ನಾಲ್ಕು ವರ್ಷಗಳಿಂದ ಒಂದು ಕಾದಂಬರಿ ಬರೆಯುತ್ತಿದ್ದೇನೆ. ಮೂರು ಅಧ್ಯಾಯಗಳಷ್ಟೇ ಆಗಿವೆ. ಬೆಂಗಳೂರಿನಲ್ಲಿರುವ ಮಗಳು, “ಆಯಿ, ನವೆಂಬರಿನಲ್ಲಿ ಮೂವತ್ತು ದಿನಕ್ಕೆ ಐವತ್ತು ಸಾವಿರ ಪದ ಬರೆಯುವ ಸವಾಲು ಇದೆ, ನೀನೂ ಮಾಡು” ಎಂದಳು. ಕಳೆದ ನವೆಂಬರಿನಲ್ಲಿ ಶುರುಮಾಡಿ ಐದನೆಯ ದಿನಕ್ಕೆ ಕೈಬಿಟ್ಟೆ. ಒಟ್ಟು ಎರಡು ಸಾವಿರ ಪದವೂ ಆಗಲಿಲ್ಲ. ಇದು ನನ್ನಂಥವರಿಗೆ ಹೇಳಿದ್ದಲ್ಲವೇ? (ಶಿರಸಿ)

ಉತ್ತರ: ಆ ಸವಾಲು ಯಾರಿಗಾಗಿ ಹುಟ್ಟಿತೆಂಬುದನ್ನು ಮೊದಲು ನೋಡೋಣ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಪ್ರದೇಶದಲ್ಲಿ 1999ರ ಜುಲೈಯಲ್ಲಿ ಕ್ರಿಸ್ ಬೇಟಿ ಎಂಬಾತ 21 ಮಂದಿಯ ಗುಂಪು ಕಟ್ಟಿಕೊಂಡು, ಒಂದೇ ತಿಂಗಳಲ್ಲಿ ತಲೆಗೊಂದು ಕಾದಂಬರಿ ಬರೆಯುವ ಆಟ ಹೂಡಿದ. ಮರುವರ್ಷ ಅದನ್ನು ನವೆಂಬರಿಗೆ ಸರಿಸಿದರು. ಅದಕ್ಕೆ ಅವರು ಕೊಟ್ಟ ಕಾರಣ ಬಹಳ ಸರಳವಾದದ್ದು: ಆ ತಿಂಗಳು ಅಲ್ಲಿ ಹವೆ ಕೆಟ್ಟಿರುತ್ತದೆ, ಹೊರಗೆ ಹೋಗಲು ಮನಸ್ಸಾಗುವುದಿಲ್ಲ, ಮನೆಯೊಳಗೆ ಕುಳಿತು ಬರೆಯಬಹುದು. ಮುಂದೆ ಅದು ನ್ಯಾನೊರೈಮೊ ಎಂಬ ಹೆಸರಿನಿಂದ ಲಕ್ಷಗಟ್ಟಲೆ ಜನರನ್ನು ಸೆಳೆದು, ಅದಕ್ಕಾಗಿ ಒಂದು ಸಂಸ್ಥೆಯೂ ಹುಟ್ಟಿ, 2025ರಲ್ಲಿ ಆ ಸಂಸ್ಥೆ ಬಾಗಿಲು ಹಾಕಿತು. ಸಂಸ್ಥೆ ಹೋದರೂ ಅಭ್ಯಾಸ ಉಳಿದಿದೆ, ಅದರೊಂದಿಗೆ ನವೆಂಬರ್ ಎಂಬ ಹಟವೂ ಉಳಿದಿದೆ.

ನವೆಂಬರಿನಲ್ಲಿ ನಿಮ್ಮ ಮನೆಯ ಸ್ಥಿತಿ ಏನೆಂಬುದನ್ನು ನಾನು ಹೇಳಬೇಕಾಗಿಲ್ಲ. ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆಗಳ ಕೊಯ್ಲು, ಶುರುವಾಗುವ ಹೊತ್ತು. ಮರ ಹತ್ತಿ ಗೊನೆ ಕೊಯ್ಯುವ ಕೊನೆಗಾರ ಯಾವ ದಿನ ಬರುತ್ತಾನೆಂಬುದು ಅವನಿಗೂ ಖಚಿತವಿರುವುದಿಲ್ಲ. ಬಂದ ದಿನ ಆಳುಗಳ ಆಸರಿ (ಬಾಯಾರಿಕೆಗೆ ಕೊಡುವ ಪಾನೀಯ), ಊಟ, ರಾತ್ರಿ ಅಡಿಕೆ ಸುಲಿಯುವವರ ಚಹಾ, ಬೇಯಿಸುವ ಒಲೆ ಎಲ್ಲವೂ ನಿಮ್ಮ ತಲೆಯ ಮೇಲೆ. ಅಮೆರಿಕದವರು ತಮ್ಮ ಹವೆ ನೋಡಿಕೊಂಡು ತಿಂಗಳು ಆರಿಸಿಕೊಂಡಂತೆ ನೀವೂ ನಿಮ್ಮ ಹವೆ ನೋಡಿ ಆರಿಸಿಕೊಳ್ಳಬೇಕಿತ್ತು. ನೀವು ಎಡವಿದ್ದು ಅಷ್ಟರಲ್ಲೇ. ನಮ್ಮ ಜಿಲ್ಲೆಗೆ ಬರೆಯುವ ಕಾಲವೆಂದರೆ ಮಳೆಗಾಲ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಹೆಚ್ಚುಕಡಿಮೆ ಅದೇ ಅವಧಿಯಲ್ಲಿ ಘಟ್ಟದ ಮೇಲೆ, ಮದ್ದು ಹೊಡೆಯುವ ನಾಲ್ಕಾರು ದಿನಗಳನ್ನು ಬಿಟ್ಟರೆ, ಮನೆಯವರೆಲ್ಲ ಜಗಲಿಯಲ್ಲಿ ಕುಳಿತು ಮಳೆ ನೋಡುವ ದಿನಗಳೇ ಹೆಚ್ಚು. ಮಳೆ ನಕ್ಷತ್ರಗಳ ಲೆಕ್ಕವಂತೂ ಈ ಕೆಲಸಕ್ಕೆಂದೇ ಹೇಳಿಮಾಡಿಸಿದಂತಿದೆ. ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ ಎಂಬ ನಾಲ್ಕು ಮಳೆಗಳು ತಲಾ ಹದಿಮೂರು ಹದಿನಾಲ್ಕು ದಿನದವು. ಮೂವತ್ತು ದಿನದ ಗುರಿ ದೂರವೆನ್ನಿಸುತ್ತದೆ, ಒಂದು ದಿನದ ಗುರಿ ನೆಂಟರು ಬಂದರೆ ಮುರಿಯುತ್ತದೆ. ಒಂದು ಮಳೆಗೆ ಒಂದು ಅಧ್ಯಾಯವೆಂದು ಇಟ್ಟುಕೊಂಡರೆ ಎರಡು ದಿನ ತಪ್ಪಿದರೂ ಉಳಿದ ದಿನಗಳಲ್ಲಿ ತುಂಬಿಸಿಕೊಳ್ಳಲು ಜಾಗವಿರುತ್ತದೆ.

ಇನ್ನು ಐವತ್ತು ಸಾವಿರ ಎಂಬ ಸಂಖ್ಯೆ. ಅದು ಇಂಗ್ಲಿಷಿನ ಲೆಕ್ಕ. “ಹೋಗಬೇಕಾಗಿತ್ತಲ್ಲವೇ” ಎಂಬುದು ನಮಗೆ ಒಂದೇ ಪದ. ಇಂಗ್ಲಿಷಿನವರು ಅದಕ್ಕೆ ಐದಾರು ಪದ ಖರ್ಚುಮಾಡಬೇಕು. ಆದ್ದರಿಂದ ಅವರ ಐವತ್ತು ಸಾವಿರವನ್ನು ಕನ್ನಡದಲ್ಲಿ ಮುಟ್ಟಲು ಹೊರಟವರು ಅವರಿಗಿಂತ ಬಹಳ ಉದ್ದದ ಪುಸ್ತಕ ಬರೆಯಬೇಕಾಗುತ್ತದೆ. ಅದು ಸಾಲದೆಂಬಂತೆ, ಮೂವತ್ತು ದಿನಕ್ಕೆ ಹಂಚಿದರೆ ದಿನವೊಂದಕ್ಕೆ 1,667 ಪದ ಬೀಳುತ್ತದೆ. ನಾನು ಕೈಯಲ್ಲಿ ಬರೆದರೆ 25 ನಿಮಿಷಕ್ಕೆ 150ರಿಂದ 200 ಪದ. ಆ ಲೆಕ್ಕದಲ್ಲಿ ನಿವೃತ್ತನಾದ ನನಗೂ ದಿನಕ್ಕೆ ನಾಲ್ಕು ಗಂಟೆ ಬೇಕು. ನೀವು ಐದು ದಿನದಲ್ಲಿ ಎರಡು ಸಾವಿರದ ಹತ್ತಿರ ಬಂದಿರಲ್ಲ, ಕೊಯ್ಲಿನ ನಡುವೆ ಅಷ್ಟು ಬರೆದದ್ದು ನನಗೇನೋ ಸಣ್ಣದಾಗಿ ಕಾಣುವುದಿಲ್ಲ.

ನಿಮ್ಮ ಲೆಕ್ಕವನ್ನು ಹೀಗೆ ಹಾಕಿಕೊಳ್ಳಿ. ಮಧ್ಯಾಹ್ನದ ಊಟದ ಪಾತ್ರೆ ತೊಳೆದಾದ ಮೇಲೆ 25 ನಿಮಿಷದ ಒಂದು ಬೈಠಕ್ಕು, ರಾತ್ರಿ ಮನೆಯವರು ಟಿ.ವಿ. ಮುಂದೆ ಕುಳಿತಾಗ ಇನ್ನೊಂದು. ಎರಡೂ ಸೇರಿ ಸುಮಾರು 350 ಪದ. ನಾಲ್ಕು ಮಳೆಗಳ 55 ದಿನದಲ್ಲಿ ಹತ್ತು ದಿನ ತಪ್ಪಿದರೂ 45 ದಿನಕ್ಕೆ ಹದಿನೈದು ಸಾವಿರಕ್ಕೂ ಮೇಲಾಯಿತು; ಅಚ್ಚಿನಲ್ಲಿ ಡೆಮಿ ಆಕಾರದ ಎಪ್ಪತ್ತು ಪುಟದಷ್ಟು. ನಾಲ್ಕು ವರ್ಷದ ಮೂರು ಅಧ್ಯಾಯದ ಪಕ್ಕದಲ್ಲಿ ಅದನ್ನು ಇಟ್ಟು ನೋಡಿ. ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟಿನ ಭರವಸೆ ಇಲ್ಲದ್ದರಿಂದ ನೋಟ್‌ಬುಕ್ಕು, ಲಾಟೀನು ಅಥವಾ ಚಾರ್ಜಿನ ದೀಪ, ಹಳೆಯ ಅಲಾರಾಂ ಗಡಿಯಾರ ಇಷ್ಟಿದ್ದರೆ ಸಾಕು. ಕಾಗದ ತೇವ ಹೀರುತ್ತದೆ, ಇಂಕಿನ ಪೆನ್ನು ಬೇಡ, ಬಾಲ್‌ಪೆನ್ನೇ ಇರಲಿ.

ಪ್ರಶ್ನೆ: ನನ್ನದು ಪಾಳಿಯ ನೌಕರಿ, ಒಂದು ವಾರ ಬೆಳಗಿನದು, ಒಂದು ವಾರ ರಾತ್ರಿಯದು. ಎಲ್ಲರೂ 25 ನಿಮಿಷದ ಟೈಮರ್ ಇಟ್ಟು ಬರೆಯಿರಿ ಎನ್ನುತ್ತಾರೆ. ಆದರೆ ಹಿಂದಿನ ದಿನದ್ದನ್ನು ಓದುವುದಕ್ಕೇ ನನಗೆ ಹದಿನೈದು ನಿಮಿಷ ಹೋಗುತ್ತದೆ. ಕೈ ಓಡತೊಡಗಿದ ಹೊತ್ತಿಗೆ ಗಂಟೆ ಹೊಡೆಯುತ್ತದೆ. ಹೊತ್ತನ್ನು ಹೆಚ್ಚಿಸಬೇಕೇ? (ಕಾರವಾರ)

ಉತ್ತರ: 25 ನಿಮಿಷವೆಂಬುದು ಕಾದಂಬರಿಕಾರರು ಕಂಡುಹಿಡಿದ ಅಳತೆಯಲ್ಲ. 1980ರ ದಶಕದ ಕೊನೆಯಲ್ಲಿ ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ ಎಂಬ ವಿದ್ಯಾರ್ಥಿ ಓದಿನಲ್ಲಿ ಮನಸ್ಸು ನಿಲ್ಲದೆ, ಅಡಿಗೆಮನೆಯಲ್ಲಿ ಬಳಸುವ ಟೊಮೆಟೊ ಆಕಾರದ ಟೈಮರನ್ನು ತಿರುಗಿಸಿಟ್ಟು ಓದಲು ಕುಳಿತ. ಟೊಮೆಟೊಗೆ ಇಟಲಿಯಲ್ಲಿ ಪೊಮೊಡೊರೊ ಎನ್ನುತ್ತಾರೆ; ಆ ವಿಧಾನಕ್ಕೆ ಹೆಸರು ಬಂದದ್ದು ಹಾಗೆ. 25 ನಿಮಿಷ ಕೆಲಸ, ಐದು ನಿಮಿಷ ಬಿಡುವು, ನಾಲ್ಕು ಸುತ್ತಿನ ನಂತರ ದೊಡ್ಡ ಬಿಡುವು. ಪರೀಕ್ಷೆಯ ಓದಿಗೆ ಅದು ಸೊಗಸಾಗಿ ಒಗ್ಗುತ್ತದೆ. ಕಾದಂಬರಿಗೆ ಒಗ್ಗಿಸಿಕೊಳ್ಳಬೇಕಾದರೆ ಮಾತ್ರ ಒಳಗೆ ಹೊಕ್ಕುವ ದಾರಿಯನ್ನು ಮೊದಲೇ ಮಾಡಿಟ್ಟುಕೊಂಡಿರಬೇಕು. ನಿಮ್ಮ ತೊಂದರೆ ಇರುವುದು ಅಲ್ಲಿ ಎಂದು ನನಗೆ ತೋರುತ್ತದೆ.

ಹೊತ್ತು ಹೆಚ್ಚಿಸಿ ಗೆದ್ದವರೂ ಇದ್ದಾರೆ. ನನ್ನ ಇಲಾಖೆಯವನೆಂಬ ಅಭಿಮಾನದಿಂದ ಆಂಟನಿ ಟ್ರೊಲಪ್‌ನ ಹೆಸರು ಹೇಳುತ್ತೇನೆ. ಹತ್ತೊಂಬತ್ತನೆಯ ಶತಮಾನದ ಈ ಇಂಗ್ಲಿಷ್ ಕಾದಂಬರಿಕಾರ 1834ರಿಂದ 1867ರ ತನಕ ಬ್ರಿಟನ್ನಿನ ಅಂಚೆ ಇಲಾಖೆಯಲ್ಲಿದ್ದ. ರಸ್ತೆಬದಿಯಲ್ಲಿ ಅಂಚೆಪೆಟ್ಟಿಗೆ ನಿಲ್ಲಿಸುವ ಪದ್ಧತಿ ಆ ದೇಶದಲ್ಲಿ ಬಂದದ್ದರ ಹಿಂದೆ ಅವನ ಸಲಹೆಯೂ ಇದೆ. ಬೆಳಿಗ್ಗೆ ಐದೂವರೆಗೆ ಮೇಜಿನ ಮುಂದೆ ಕುಳಿತು, ಗಡಿಯಾರ ಎದುರಿಗಿಟ್ಟುಕೊಂಡು, ಪ್ರತಿ ಹದಿನೈದು ನಿಮಿಷಕ್ಕೆ 250 ಪದ ಬರೆಯಬೇಕೆಂದು ತನಗೆ ತಾನೇ ಕಟ್ಟಳೆ ಹಾಕಿಕೊಂಡಿದ್ದ. ಎಬ್ಬಿಸಿ ಕಾಫಿ ತಂದುಕೊಡುವುದಕ್ಕೆಂದೇ ಹಳೆಯ ಆಳಿಗೆ ವರ್ಷಕ್ಕೆ ಐದು ಪೌಂಡು ಹೆಚ್ಚಿಗೆ ಕೊಡುತ್ತಿದ್ದ. ಹೀಗೆ ಅವನು ಮುಗಿಸಿದ್ದು 47 ಕಾದಂಬರಿ. ನಿಮ್ಮ ಪ್ರಶ್ನೆಗೆ ಸಂಬಂಧಪಟ್ಟ ಸಂಗತಿ ಇದು: ದಿನದ ಮೂರು ಗಂಟೆಯ ಬೈಠಕ್ಕಿನಲ್ಲಿ ಮೊದಲ ಅರ್ಧ ಗಂಟೆಯನ್ನು ಹಿಂದಿನ ದಿನದ್ದನ್ನು ಓದುವುದಕ್ಕೆಂದೇ ಅವನೂ ತೆಗೆದಿಡುತ್ತಿದ್ದ. ಮೂರು ಗಂಟೆ ಇರುವವನಿಗೆ ಅರ್ಧ ಗಂಟೆ ಹೊರೆಯಲ್ಲ; 25 ನಿಮಿಷದವನಿಗೆ ಹದಿನೈದು ನಿಮಿಷ ಹೊರೆಯೇ.

ನೀವು ಮಾಡಬೇಕಾದದ್ದು, ಗಂಟೆ ಹೊಡೆಯುವುದಕ್ಕೆ ಎರಡು ನಿಮಿಷ ಮೊದಲೇ ಕಥೆಯನ್ನು ನಿಲ್ಲಿಸಿ, ಪುಟದ ಕೆಳಗೆ ಗೆರೆ ಎಳೆದು, ನಾಳೆ ಏನಾಗಬೇಕೆಂಬುದನ್ನು ಎರಡು ಸಾಲಿನಲ್ಲಿ ಬರೆದಿಡುವುದು. ಸಾಧ್ಯವಾದರೆ ಮುಂದಿನ ವಾಕ್ಯವನ್ನು ಅರ್ಧಕ್ಕೇ ಬಿಡಿ. ಮರುದಿನ ಆ ಎರಡು ಸಾಲು ಮತ್ತು ಅರ್ಧ ವಾಕ್ಯ ಬಿಟ್ಟು ಹಿಂದಿನದೇನನ್ನೂ ಓದಕೂಡದು. ಮೂರು ನಾಲ್ಕು ದಿನ ಇದು ಬಹಳ ಕಿರಿಕಿರಿ ಕೊಡುತ್ತದೆ, ಹಿಂದಿನ ಪುಟ ತೆರೆಯಲು ಕೈ ತುರಿಸುತ್ತದೆ.

ಇದನ್ನು ನಾನು ಕಲಿತದ್ದು ಒಂದು ಬೆಳಗನ್ನು ಪೂರ್ತಿ ಕಳೆದುಕೊಂಡು. ನನ್ನ ಕಥೆಯ ಅಂಚೆಯವನು ಮನಿ ಆರ್ಡರಿನ ದುಡ್ಡನ್ನು ಚೀಲದಲ್ಲಿಟ್ಟುಕೊಂಡು ತದಡಿಯ ದೋಣಿ ಧಕ್ಕೆಯಲ್ಲಿ ನಿಂತಿದ್ದಾನೆ, ಅಘನಾಶಿನಿ ಹೊಳೆ ದಾಟಬೇಕು, ಇಳಿತದ ಹೊತ್ತು, ತಾರಿಯವನು ದೋಣಿ ಬಿಡಲು ಒಲ್ಲೆನೆನ್ನುತ್ತಾನೆ. “ಎರಡು ಪಾಲು ದುಡ್ಡು ಕೊಡ್ತೆ, ಬಿಡು ಮಾರಾಯಾ” ಎಂದು ಇವನ ಬಾಯಿಂದ ಹೇಳಿಸಿದೆ. ಅಷ್ಟರಲ್ಲಿ, ಆ ಕಾಲಕ್ಕೆ ತಾರಿಯ ದುಡ್ಡು ತಲೆಗೆ ಎಷ್ಟು ಪೈಸೆ ಇತ್ತೆಂಬ ಸಂಶಯ ಹತ್ತಿತು. ಎದ್ದು ಪಕ್ಕದ ಮನೆಯ ಹಿರಿಯರನ್ನು ಕೇಳಲು ಹೋದೆ. ಅವರು ತಾರಿಯ ದುಡ್ಡಿನಿಂದ ಶುರುಮಾಡಿ ತಮ್ಮ ಮದುವೆಯ ದಿಬ್ಬಣ ದೋಣಿಯಲ್ಲಿ ಹೋದ ಕಥೆಗೆ ಬಂದು, ಅಲ್ಲಿಂದ ಭೂಸುಧಾರಣೆಗೆ ಹೊರಳಿದರು; ನಾನು ಮರಳಿ ಬಂದದ್ದು ಊಟದ ಹೊತ್ತಿಗೆ. ದುಡ್ಡು ಎಷ್ಟೆಂಬುದು ಅವರಿಗೂ ನೆನಪಿರಲಿಲ್ಲ. ನನ್ನ ಅಂಚೆಯವನು ಎಂಟು ದಿನ ಧಕ್ಕೆಯಲ್ಲೇ ನಿಂತಿದ್ದ. ಈಗ ಅಂಥ ಕಡೆ ಒಂದು ದೊಡ್ಡ ಚುಕ್ಕಿ ಇಟ್ಟು ಮುಂದೆ ಹೋಗುತ್ತೇನೆ. ಊರಿನ ಹೆಸರು, ಇಸವಿ, ದರ, ಗಿಡದ ಹೆಸರು, ಪಾತ್ರದ ಅತ್ತೆಯ ತವರು ಯಾವುದೇ ಆಗಲಿ, ಗಂಟೆ ಹೊಡೆಯುವ ತನಕ ಚುಕ್ಕಿಯೇ. ವಾರಕ್ಕೊಂದು ದಿನ ಚುಕ್ಕಿಗಳನ್ನೆಲ್ಲ ಒಟ್ಟುಮಾಡಿ ವಿಚಾರಿಸಿ ತುಂಬಿದರೆ ಆಯಿತು.

ಪಾಳಿ ಬದಲಾಗುವವರಿಗೆ ಇನ್ನೊಂದು ಮಾತು. ಗಡಿಯಾರದ ಹೊತ್ತಿಗೆ ಬರವಣಿಗೆಯನ್ನು ಕಟ್ಟಿಹಾಕಬೇಡಿ, ಕೆಲಸಕ್ಕೆ ಕಟ್ಟಿಹಾಕಿ. “ಬೆಳಿಗ್ಗೆ ಆರಕ್ಕೆ” ಎಂಬ ನಿಯಮ ರಾತ್ರಿ ಪಾಳಿಯ ವಾರದಲ್ಲಿ ಸಾಯುತ್ತದೆ. “ಪಾಳಿ ಮುಗಿಸಿ ಬಂದು ಸ್ನಾನವಾದ ಕೂಡಲೇ” ಎಂಬ ನಿಯಮ ಎರಡೂ ವಾರ ಬದುಕುತ್ತದೆ.

ಪ್ರಶ್ನೆ: ನಾನು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವನು. ಪದ ಎಣಿಸಿ, ನಿಮಿಷ ಎಣಿಸಿ ಬರೆಯುವುದನ್ನು ಹಂಚಿನ ಕಾರ್ಖಾನೆಯ ಕೆಲಸವೆನ್ನಬಹುದೇ ಹೊರತು ಸಾಹಿತ್ಯವೆನ್ನಲು ಬರುವುದಿಲ್ಲ. ಅನುಭವ ಮಾಗಬೇಕು, ಧ್ಯಾನ ಬೇಕು. ನೀವು ಎಳೆಯರನ್ನು ತಪ್ಪು ದಾರಿಗೆ ಹಚ್ಚುತ್ತಿದ್ದೀರಿ ಎಂದು ವಿನಯದಿಂದ ಹೇಳಬಯಸುತ್ತೇನೆ. (ಕುಮಟಾ)

ಉತ್ತರ: ವಿನಯದ ಆಕ್ಷೇಪಕ್ಕೆ ವಿನಯದ ಉತ್ತರ. ನಿಮ್ಮ ಅಸಮಾಧಾನ ಹೊಸದಲ್ಲ. ಮೇಲೆ ಹೇಳಿದ ಟ್ರೊಲಪ್ 1882ರಲ್ಲಿ ತೀರಿಕೊಂಡು, ಮರುವರ್ಷ ಅವನ ಆತ್ಮಕಥೆ ಅಚ್ಚಾಗಿ, ಗಡಿಯಾರದ ಗುಟ್ಟು ಹೊರಬಿದ್ದಾಗ ಅಲ್ಲಿನ ವಿಮರ್ಶಕರೂ ಮೂಗು ಮುರಿದರು, ಅವನ ಹೆಸರೂ ಕೆಲಕಾಲ ಮಂಕಾಯಿತು. ಅವನ ಕಾದಂಬರಿಗಳನ್ನು ಇಂದಿಗೂ ಜನ ಓದುತ್ತಿದ್ದಾರೆ.

ನಮ್ಮ ಊರಿನಲ್ಲೇ ಈ ಜಗಳ ಬೇರೊಂದು ರೂಪದಲ್ಲಿ ನಡೆದಿರುವುದನ್ನು ನೀವು ಬಲ್ಲಿರಿ. ಇರುಳಿಡೀ ಆಡುತ್ತಿದ್ದ ಯಕ್ಷಗಾನವನ್ನು ಮೂರು ಗಂಟೆಗೆ ಇಳಿಸಿ ಕಾಲಮಿತಿಯ ಆಟವೆಂದಾಗ, ಪಾತ್ರಗಳ ಪ್ರವೇಶದ ಒಡ್ಡೋಲಗ ಮೊಟಕಾಯಿತು, ಪದ್ಯಗಳು ಹಾರಿಹೋದವು, ರಸಕ್ಕೆ ನಿಲ್ಲಲು ಪುರಸೊತ್ತಿಲ್ಲವೆಂದು ಹಿರಿಯರು ನೊಂದುಕೊಂಡರು. ಅವರ ನೋವಿನಲ್ಲಿ ನಿಜವಿತ್ತು ಎಂದೇ ನಾನು ತಿಳಿದಿದ್ದೇನೆ. ವೇಷ ಕಟ್ಟುವ ಚೌಕಿಯ ಹತ್ತಿರ ಚಾಪೆ ಹಾಸಿ ಬೆಳಗು ಮಾಡಿದ ಪೈಕಿ ನಾನೂ ಒಬ್ಬ. ಅಲ್ಲಿ ಕಾಲಮಿತಿ ಬಿದ್ದದ್ದು ಪ್ರೇಕ್ಷಕನ ಮುಂದೆ ಬರುವ ಕೊನೆಯ ರೂಪದ ಮೇಲೆ. ನಾನು ಹೇಳುತ್ತಿರುವ ಕಾಲಮಿತಿ ಯಾರೂ ನೋಡದ ಮೊದಲ ಕರಡಿನದು. ಕರಡನ್ನು ಇಪ್ಪತ್ತೈದು ನಿಮಿಷದ ತುಣುಕುಗಳಲ್ಲಿ ಬರೆದು, ತಿದ್ದಲು ಮೂರು ವರ್ಷ ತೆಗೆದುಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಯಕ್ಷಗಾನದ ಮಾತು ಬಂತಲ್ಲ, ವೇಷ, ಕುಣಿತವಿಲ್ಲದೆ ಕುಳಿತು ನಡೆಸುವ ತಾಳಮದ್ದಳೆಯಲ್ಲಿ ಪಾತ್ರದ ಮಾತಾಡುವ ಅರ್ಥಧಾರಿಯನ್ನು ನೆನೆಯಿರಿ. ಹಾಡುವ ಭಾಗವತರು ಪದ್ಯ ನಿಲ್ಲಿಸಿದ ಕ್ಷಣ ಅವನು ಬಾಯಿ ತೆರೆಯಲೇಬೇಕು. ಕೈಯಲ್ಲಿ ಚೀಟಿಯಿಲ್ಲ, ತಿದ್ದಿಕೊಳ್ಳಲು ಅವಕಾಶವಿಲ್ಲ, ಎದುರಿನ ಪಾತ್ರ ಏನು ಕೇಳುತ್ತದೆಂಬ ಅಂದಾಜೂ ಇಲ್ಲ. ಆದರೂ ಅಂಥ ಇರುಳುಗಳಲ್ಲಿ ಕೇಳಿದ ಕೆಲವು ಮಾತುಗಳು, ಬರೆದು ತಿದ್ದಿ ಅಚ್ಚುಹಾಕಿಸಿದ ಎಷ್ಟೋ ಪುಟಗಳಿಗಿಂತ ಗಟ್ಟಿಯಾಗಿರುತ್ತವೆ. ಒತ್ತಡವೊಂದೇ ಆ ಮಾತನ್ನು ಹುಟ್ಟಿಸಲಿಲ್ಲ. ವರ್ಷಗಟ್ಟಲೆ ಓದಿ, ಕೇಳಿ, ಒಳಗೆ ಕೂಡಿಟ್ಟದ್ದನ್ನು ಒತ್ತಡ ಹೊರಗೆಳೆಯಿತು. ನೀವು ಹೇಳುವ ಮಾಗುವಿಕೆಗೂ ನಾನು ಹೇಳುವ ಗಡಿಯಾರಕ್ಕೂ ಜಗಳವಿಲ್ಲದಿರುವುದು ಅಲ್ಲಿ.

ರಷ್ಯದ ಕಾದಂಬರಿಕಾರ ದೊಸ್ತೊಯೆವ್‌ಸ್ಕಿಯ ಪ್ರಸಂಗ ನಿಮಗೆ ಗೊತ್ತಿರಬಹುದು. ಉಳಿದ ಓದುಗರಿಗಾಗಿ ಹೇಳುತ್ತೇನೆ. ಸಾಲದಲ್ಲಿ ಮುಳುಗಿದ್ದ ಆತ, 1866ರ ನವೆಂಬರ್ 1ರೊಳಗೆ ಹೊಸ ಕಾದಂಬರಿ ಕೊಡದಿದ್ದರೆ ಮುಂದಿನ ಒಂಬತ್ತು ವರ್ಷ ತಾನು ಬರೆದದ್ದೆಲ್ಲ ಪ್ರಕಾಶಕನ ಪಾಲಾಗುವಂಥ ಕರಾರಿಗೆ ಸಹಿ ಹಾಕಿದ್ದ. ಅಕ್ಟೋಬರ್ ಬಂದರೂ ಒಂದು ಸಾಲು ಬರೆದಿರಲಿಲ್ಲ. ಶೀಘ್ರಲಿಪಿ ಬಲ್ಲ ಅನ್ನಾ ಎಂಬ ತರುಣಿಯನ್ನು ಕರೆಸಿಕೊಂಡು, ಹೇಳಿ ಬರೆಸಿ, 26 ದಿನದಲ್ಲಿ ಮುಗಿಸಿದ. ಮುಂದಿನ ಫೆಬ್ರವರಿಯಲ್ಲಿ ಆಕೆಯನ್ನೇ ಮದುವೆಯಾದ; ಅದು ನಮ್ಮ ವಿಷಯವಲ್ಲ. ಆ ಕಾದಂಬರಿ ಜೂಜುಗಾರನೊಬ್ಬನದು. ಜೂಜಿನ ಮೇಜನ್ನು ಅವನು ಸ್ವತಃ ಕಂಡು ಬೆಂದಿದ್ದ. ಕಥೆಯ ಬೀಜ ಮೂರು ವರ್ಷ ಮೊದಲೇ ಅವನ ತಲೆಯಲ್ಲಿತ್ತು. 26 ದಿನದ ಹಿಂದೆ ಆ ಮೂರು ವರ್ಷಗಳಿದ್ದವೆಂಬುದನ್ನು ಎಳೆಯರಿಗೆ ನೀವೇ ಹೇಳಿಕೊಟ್ಟರೆ ನನಗಿಂತ ಚೆನ್ನಾಗಿ ಹೇಳುತ್ತೀರಿ. ಒಳಗೆ ಏನೂ ಇಲ್ಲದವನು ಗಡಿಯಾರ ಇಟ್ಟುಕೊಂಡರೆ ಗಡಿಯಾರದ ಸದ್ದಷ್ಟೇ ಕೇಳುತ್ತದೆ ಎಂಬುದನ್ನು ನಾನೂ ಒಪ್ಪುತ್ತೇನೆ. ಒಳಗೆ ಇದ್ದೂ ಮಾಗಲಿ ಮಾಗಲಿ ಎನ್ನುತ್ತ ನಿವೃತ್ತಿಯ ತನಕ ಒಂದು ಪುಟವನ್ನೂ ಬರೆಯದವರನ್ನು ಇನ್ನೂ ಹೆಚ್ಚು ಕಂಡಿದ್ದೇನೆ. ಅವರಲ್ಲಿ ಬಹಳ ಕಾಲ ನಾನೂ ಇದ್ದೆ.

ಪ್ರಶ್ನೆ: ನಾವು ಮೂವರು ಗೆಳತಿಯರು ಭಾನುವಾರ ಸಂಜೆ ವಾಟ್ಸ್ಆ್ಯಪ್‌ನಲ್ಲಿ ಒಟ್ಟಿಗೆ ಸಮಯ ಇಟ್ಟು ಅರ್ಧ ಗಂಟೆ ಬರೆದು, ಎಷ್ಟು ಪದವಾಯಿತೆಂದು ಹೇಳಿಕೊಳ್ಳುತ್ತೇವೆ. ಒಬ್ಬಳದು ಯಾವಾಗಲೂ 600. ನನ್ನದು 120. ಈಚೆಗೆ ಭಾನುವಾರ ಬಂತೆಂದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. (ಅಂಕೋಲಾ)

ಉತ್ತರ: ಪದದ ಲೆಕ್ಕ ಹೇಳಿಕೊಳ್ಳುವುದನ್ನು ಮುಂದಿನ ಭಾನುವಾರದಿಂದಲೇ ನಿಲ್ಲಿಸಿ. ಒಟ್ಟಿಗೆ ಕುಳಿತುಕೊಳ್ಳುವುದನ್ನು ಮಾತ್ರ ನಿಲ್ಲಿಸಬೇಡಿ, ಏಕೆಂದರೆ ಆ ಹೊತ್ತಿಗೆ ಇನ್ನಿಬ್ಬರು ಬರೆಯುತ್ತಿದ್ದಾರೆಂಬ ತಿಳಿವಳಿಕೆಯಿಂದಲೇ ಮೂರನೆಯವಳು ಎದ್ದು ಹೋಗದೆ ಕೂರುತ್ತಾಳೆ. ಪದದ ಬದಲು ಪ್ರತಿಯೊಬ್ಬರೂ ತಾವು ಬರೆದದ್ದರಲ್ಲಿ ಒಂದು ವಾಕ್ಯವನ್ನು ಓದಿ ಹೇಳಲಿ. ಆರುನೂರು ಬರೆದವಳಿಗೆ ಆರಿಸುವುದು ಕಷ್ಟವಾದೀತು, ಆಗಲಿ. ಸಂಭಾಷಣೆ ಬರೆಯುವವರ ಕೈ ವೇಗವಾಗಿ ಓಡುತ್ತದೆ, ಒಂದು ಮನೆಯ ಒಳಗನ್ನೋ ಒಬ್ಬರ ಮನಸ್ಸನ್ನೋ ಬರೆಯುವವರದು ನಿಧಾನ. ಸಂಖ್ಯೆಯಲ್ಲಿ ಆ ವ್ಯತ್ಯಾಸ ಕಾಣುವುದಿಲ್ಲ.

ಪ್ರಶ್ನೆ: ಮೀನುಗಾರಿಕೆ ಬಂದಾದ ಎರಡು ತಿಂಗಳಲ್ಲಿ ಒಂದು ಕಾದಂಬರಿಯ ಕರಡು ಮುಗಿಸಿದೆ. ದಿನಕ್ಕೆ 500 ಪದವೆಂದು ಹಟ ಹಿಡಿದು ಬರೆದೆ. ಈಗ ತೆರೆದು ಓದಿದರೆ ನನಗೇ ನಾಚಿಕೆಯಾಗುತ್ತದೆ. ಸುಟ್ಟುಬಿಡಲೇ? (ಹೊನ್ನಾವರ)

ಉತ್ತರ: ಸುಡಬೇಡಿ. ಅದನ್ನು ಟ್ರಂಕಿನಲ್ಲಿ ಹಾಕಿ ಕಡೇಪಕ್ಷ ಒಂದು ತಿಂಗಳು ಮರೆತುಬಿಡಿ. ಈಗ ನಿಮಗೆ ಕಾಣುತ್ತಿರುವುದು ಬರವಣಿಗೆಯ ಜೊತೆಗೆ ದಣಿವು ಕೂಡ.

ತಿಂಗಳ ನಂತರ ತೆರೆದಾಗ ಕೈಯಲ್ಲಿ ಪೆನ್ನು ಇರಕೂಡದು. ಒಂದು ಓದು ಓದಿ, ಪ್ರತಿ ಸನ್ನಿವೇಶದಲ್ಲಿ ಏನು ನಡೆಯಿತೆಂಬುದನ್ನು ಬೇರೆ ಹಾಳೆಯಲ್ಲಿ ಒಂದೊಂದೇ ಸಾಲಿನಲ್ಲಿ ಬರೆಯಿರಿ. ಏನೂ ನಡೆಯದ ಸನ್ನಿವೇಶಕ್ಕೆ ಸಾಲು ಹುಟ್ಟುವುದಿಲ್ಲ. ಅಲ್ಲಿ ಖಾಲಿ ಬಿಡಿ. ದಿನಕ್ಕೆ ಇಷ್ಟು ಪದವೆಂದು ಬರೆದ ಕರಡಿನಲ್ಲಿ ಖಾಲಿ ಜಾಗಗಳು ಬಹಳ ಸಿಗುತ್ತವೆ, ಏಕೆಂದರೆ ರಾತ್ರಿ ಹನ್ನೊಂದಕ್ಕೆ ಇನ್ನೂ 80 ಪದ ಬಾಕಿಯಿದ್ದರೆ ಕೈ ತಾನಾಗಿಯೇ ಮೋಸ ಕಲಿಯುತ್ತದೆ. ನನ್ನದೇ ಹಳೆಯ ನೋಟ್‌ಬುಕ್ಕಿನಿಂದ ಒಂದು ತುಣುಕು ಕೊಡುತ್ತೇನೆ:

“ಅವನು ಅಂಗಳ ದಾಟಿ ಬಂದು ಬಾಗಿಲ ಮುಂದೆ ನಿಂತನು. ಮೆಲ್ಲನೆ ಬಾಗಿಲು ತಟ್ಟಿದನು. ‘ಯಾರದು?’ ಎಂದು ಒಳಗಿನಿಂದ ಕೇಳಿಸಿತು. ‘ನಾನು’ ಎಂದನು. ‘ನಾನು ಎಂದರೆ ಯಾರು?’ ಎಂದು ಮತ್ತೆ ಕೇಳಿಸಿತು. ‘ನಾನೇ, ಪೋಸ್ಟಿನವ’ ಎಂದನು. ‘ಓಹೋ, ಪೋಸ್ಟಿನವನೇ, ಬಾ ಬಾ, ಕುಳಿತುಕೋ, ಆಸರಿಗೆ ಏನು ಕೊಡಲಿ?’ ಎಂದು ಕೇಳುತ್ತ ಬಾಗಿಲು ತೆರೆದರು.”

ತಿದ್ದುವಾಗ ಅದು “ಪೋಸ್ಟಿನವ ಬಂದಾಗ ಮುದುಕಿ ಮಜ್ಜಿಗೆ ಕೊಟ್ಟಳು, ಪತ್ರ ಇದೆಯೇ ಎಂದು ಕೇಳಲಿಲ್ಲ” ಎಂದಾಯಿತು. ಆ ಮುದುಕಿ ಪತ್ರದ ಬಗ್ಗೆ ಕೇಳದಿರುವುದು ಮುಖ್ಯವೆಂಬ ಸಂಗತಿ ಮಾತ್ರ, ಮೇಲಿನ ಹಾಳು ಪುಟವನ್ನು ಬರೆಯದೆ ನನಗೆ ಹೊಳೆಯುತ್ತಿರಲಿಲ್ಲ. ಆಸರಿ ಕೇಳಿದವಳು ಪತ್ರವನ್ನೇಕೆ ಕೇಳಲಿಲ್ಲ ಎಂದು ಓದುವಾಗ ನನಗೇ ಅನಿಸಿ, ಅಲ್ಲಿಂದ ಮುಂದಿನ ಎರಡು ಅಧ್ಯಾಯ ಹೊರಟವು. ನಿಮ್ಮ ಕರಡಿನಲ್ಲಿಯೂ ಇಂಥ ಒಂದೆರಡು ಮುದುಕಿಯರು ಇದ್ದೇ ಇರುತ್ತಾರೆ. ಹುಡುಕುವ ಕೆಲಸ ನಿಮ್ಮದು.

ತಿದ್ದುವಾಗ ಪದ ಎಣಿಸುವುದನ್ನು ಪೂರ್ತಿ ಬಿಡಿ. ಎಣಿಸಿದರೆ ಕತ್ತರಿಸಲು ಕೈ ಬರುವುದಿಲ್ಲ, 500ರಿಂದ 300ಕ್ಕೆ ಇಳಿದ ದಿನ ಸೋತಂತೆನಿಸುತ್ತದೆ. ಬೇಕಿದ್ದರೆ ದಿನಕ್ಕೊಂದು ಸನ್ನಿವೇಶವೆಂದು ಇಟ್ಟುಕೊಳ್ಳಿ. ಟೈಮರನ್ನು ತಿದ್ದುವ ಕೆಲಸಕ್ಕೆ ಹಚ್ಚಿ ನೋಡಿದ್ದೇನೆ, ನನಗಂತೂ ಒಗ್ಗಲಿಲ್ಲ. ಒಂದು ವಾಕ್ಯವನ್ನು ಎದುರಿಗಿಟ್ಟುಕೊಂಡು ಸುಮ್ಮನೆ ಕುಳಿತಿರುವಾಗ ಗಂಟೆ ಹೊಡೆದರೆ ಆ ವಾಕ್ಯವನ್ನು ಹಾಗೆಯೇ ಬಿಟ್ಟು ಏಳುವ ಆಸೆ ಹುಟ್ಟುತ್ತದೆ. ಬೋಟು ಮತ್ತೆ ಕಡಲಿಗಿಳಿದಿರುವುದರಿಂದ ನಿಮಗೆ ಹೊತ್ತು ಕಡಿಮೆಯಿದ್ದೀತು. ಓದಿ ಪಟ್ಟಿ ಮಾಡುವ ಕೆಲಸಕ್ಕೆ ದಿನಕ್ಕೆ ಹತ್ತು ನಿಮಿಷವೂ ಸಾಕು. ಬರೆದು ಕಟ್ಟುವ ಕೆಲಸವನ್ನು ಮುಂದಿನ ಜೂನಿಗೆ ಇಟ್ಟುಕೊಂಡರೂ ತಡವೇನಲ್ಲ.

ಪ್ರಶ್ನೆ: ಮೊಬೈಲಿನಲ್ಲಿ ಮಾತಾಡಿದರೆ ಕನ್ನಡದಲ್ಲಿ ತಾನೇ ಟೈಪ್ ಆಗುತ್ತದೆ. ಸಮಯ ಇಟ್ಟು ಬರೆಯುವ ಸವಾಲಿಗೆ ಅದನ್ನು ಬಳಸಬಹುದೇ? (ಭಟ್ಕಳ)

ಉತ್ತರ: ಬಳಸಬಹುದು, ಎರಡು ಎಚ್ಚರಿಕೆಗಳೊಂದಿಗೆ. ಪೂರ್ಣವಿರಾಮ, ಅಲ್ಪವಿರಾಮಗಳು ಬಹುಮಟ್ಟಿಗೆ ಬೀಳದಿರುವುದರಿಂದ ಹೇಳಿದ ದಿನವೇ ಓದಿ ವಾಕ್ಯ ಬಿಡಿಸಿಡದಿದ್ದರೆ, ಮೂರು ದಿನದ ನಂತರ ಯಾವ ಮಾತು ಯಾವ ಪಾತ್ರದ್ದೆಂಬುದು ನಿಮಗೇ ತಿಳಿಯುವುದಿಲ್ಲ. ಎರಡನೆಯದು, ಯಂತ್ರಕ್ಕೆ ಗೊತ್ತಿರುವುದು ಪುಸ್ತಕದ ಕನ್ನಡ. ನಾನು ಒಬ್ಬ ಹವ್ಯಕ ಅಜ್ಜಿಯಿಂದ “ಎಂಗೆ ಗೊತ್ತಿಲ್ಲೆ” (ನನಗೆ ಗೊತ್ತಿಲ್ಲ) ಎಂದು ಹೇಳಿಸಿದರೆ ಅದು “ಹೇಗೆ ಗೊತ್ತಿಲ್ಲ” ಎಂದು ಬರೆದುಕೊಂಡಿತು. ನಮ್ಮ ಕಡೆಯ ಮಾತನ್ನು ಆಡುವ ಪಾತ್ರಗಳಿರುವ ಸನ್ನಿವೇಶಗಳನ್ನು ಕೈಯಲ್ಲೇ ಬರೆಯಿರಿ. ಉಳಿದದ್ದನ್ನು ಸಂಜೆ ಕಡಲ ದಂಡೆಯಲ್ಲಿ ನಡೆಯುತ್ತ ಹೇಳಿಕೊಂಡರೂ ನಡೆಯುತ್ತದೆ. ಗಾಳಿ ಜೋರಾಗಿದ್ದರೆ ಮೊಬೈಲನ್ನು ಬಾಯಿಯ ಹತ್ತಿರ ಹಿಡಿದುಕೊಳ್ಳಿ, ಇಲ್ಲವಾದರೆ ಅದು ಅರ್ಧ ಮಾತನ್ನು ಬಿಟ್ಟೇಬಿಡುತ್ತದೆ.